ಸೆಪ್ಟೆಂಬರಿನ ಫ್ಲೋರಿಡಾ: ಸಂಪಾದಕರ ಉತ್ತರ

ಮಾನ್ಯರೇ,

ಮೈಸೂರಿನಿಂದ ಬಂದಿರುವ ತಂದೆತಾಯಿಯರನ್ನು ಸೆಪ್ಟೆಂಬರ್ ಮಧ್ಯದಲ್ಲಿ ಒರ್ಲ್ಯಾಂಡೊಗೂ ಅಲ್ಲಿಂದ ಕೀ ವೆಸ್ಟ್‌ಗೂ ಕರೆದೊಯ್ಯಲು ಯೋಚಿಸಿದ್ದೀರಿ. ಚಂಡಮಾರುತದ ಹೆಸರು ಹೇಳಿ ಗೆಳೆಯರು ಹೆದರಿಸುತ್ತಿದ್ದಾರೆ, ಹಿರಿಯರಿಗೆ ವಿಮೆ ಮಾಡಿಸಿದ್ದಾಗಿದೆ, ಹೋಟೆಲುಗಳೂ ಅಗ್ಗವಾಗಿವೆ, ಹಾಗಿದ್ದರೂ ಹಿಂಜರಿಯಬೇಕೇ ಎಂದು ನ್ಯೂಜೆರ್ಸಿಯಿಂದ ಕೇಳಿದ್ದೀರಿ.

ಒರ್ಲ್ಯಾಂಡೊಗೆ ಹೋಗಿಬನ್ನಿ, ಕೀ ವೆಸ್ಟ್ ಈ ಸಲ ಬೇಡ.

ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ ಎಂದು ಲೆಕ್ಕವಿದ್ದರೂ, ಸಮುದ್ರ ಚೆನ್ನಾಗಿ ಕಾದಿರುವ ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ ಅದರ ಭರ ಹೆಚ್ಚು. ಅಗ್ಗದ ಬೆಲೆಯಲ್ಲಿ ಶಾಲೆಗಳು ತೆರೆದಿರುವುದರ ಪಾಲೂ ಇದೆ, ಈ ಭಯದ ಪಾಲೂ ಇದೆ. ಕೀ ವೆಸ್ಟ್ ಇರುವುದು ತಗ್ಗಾದ ದ್ವೀಪಗಳ ಸಾಲಿನ ತುದಿಯಲ್ಲಿ. ಅಲ್ಲಿಂದ ಮುಖ್ಯ ನೆಲಕ್ಕೆ ಕಾರಿನಲ್ಲಿ ಮರಳಲು ಸುಮಾರು 180 ಕಿಲೋಮೀಟರಿನ ಒಂದೇ ಹೆದ್ದಾರಿ. 2017ರಲ್ಲಿ ಇರ್ಮಾ ಚಂಡಮಾರುತ ಬಂದಾಗ ಮೊದಲು ಪ್ರವಾಸಿಗರನ್ನೂ ಅನಂತರ ನಿವಾಸಿಗಳನ್ನೂ ತೆರವಾಗಲು ಆದೇಶಿಸಲಾಯಿತು. ಮಳೆಗಾಲದ ಆಗುಂಬೆಗೆ ಕೊಡೆ ಹಿಡಿದು ಹೊರಟಂತೆ ಹೊರಡುವ ಊರು ಅದಲ್ಲ, ಅದರಲ್ಲೂ ಮಂಡಿನೋವಿನ ಹಿರಿಯರೊಂದಿಗೆ. ಒರ್ಲ್ಯಾಂಡೊ ಒಳನಾಡಿನಲ್ಲಿರುವುದರಿಂದ ಕಡಲುಬ್ಬರದ ಭಯವಿಲ್ಲ. ಆದರೆ ಗಾಳಿಮಳೆ ತಪ್ಪುತ್ತದೆಂದಲ್ಲ. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತದಿಂದಾಗಿ ಅಲ್ಲಿನ ಡಿಸ್ನಿ ಉದ್ಯಾನಗಳು ಎರಡು ದಿನ ಮುಚ್ಚಿದ್ದವು.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ವಿಮೆಯ ಮಾತು. ಭಾರತದಿಂದ ಬಂದ ಹಿರಿಯರಿಗೆ ನಾವು ಸಾಮಾನ್ಯವಾಗಿ ಮಾಡಿಸುವುದು ಆಸ್ಪತ್ರೆ ಖರ್ಚಿನ ವಿಮೆ. ರದ್ದಾದ ಪ್ರವಾಸದ ಹಣವನ್ನು ಅದರಿಂದ ನಿರೀಕ್ಷಿಸಬೇಡಿ. ಅದಕ್ಕೆ ಪ್ರವಾಸ ವಿಮೆಯೇ ಬೇರೆ, ಅದನ್ನೂ ಟಿಕೆಟ್ ಕೊಂಡ ಕೂಡಲೇ ಮಾಡಿಸಬೇಕು, ಏಕೆಂದರೆ ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಆ ಚಂಡಮಾರುತಕ್ಕೆ ಅನ್ವಯಿಸುವುದಿಲ್ಲ. ಹೆದರಿಕೆಯಾಯಿತೆಂದು ನೀವಾಗಿಯೇ ಪ್ರವಾಸ ಕೈಬಿಟ್ಟರೆ ಹಣ ಬರುವುದು ಕಷ್ಟ. ಯಾವ ಕಾರಣಕ್ಕಾದರೂ ರದ್ದು ಮಾಡಬಹುದೆಂಬ ವಿಮೆ ದುಬಾರಿ, ಅದೂ ಪೂರ್ತಿ ಹಣ ಮರಳಿಸುವುದಿಲ್ಲ. ಆದ್ದರಿಂದ ಸ್ವಲ್ಪ ಹೆಚ್ಚು ತೆತ್ತಾದರೂ ಕೊನೆಯ ಒಂದೆರಡು ದಿನಗಳವರೆಗೆ ರದ್ದು ಮಾಡಬಹುದಾದ ಕೋಣೆಯನ್ನೇ ಕಾದಿರಿಸಿ.

ಹೊರಡುವ ವಾರದಲ್ಲಿ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರದ ಮುನ್ಸೂಚನೆ ನೋಡಿ, ವಾಟ್ಸ್ಆ್ಯಪ್ ವಿಡಿಯೋಗಳನ್ನಲ್ಲ. ಅದರ ನಕ್ಷೆಯ ಶಂಕುವಿನಾಕಾರದ ಪಟ್ಟಿ ಐದು ದಿನಗಳವರೆಗೆ ಚಂಡಮಾರುತದ ಕೇಂದ್ರ ಸಾಗಬಹುದಾದ ಜಾಗವನ್ನಷ್ಟೇ ತೋರಿಸುತ್ತದೆ. ಪಟ್ಟಿಯ ಹೊರಗಿರುವ ಊರಿಗೂ ಮಳೆ, ನೆರೆ ತಟ್ಟಬಹುದು.

ವಿಮಾನ ತಡವಾದರೆಂದು ತಂದೆತಾಯಿಯರ ಮಾತ್ರೆಗಳನ್ನು ವಾರಕ್ಕಾಗುವಷ್ಟು ಹೆಚ್ಚಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮೈಸೂರಿನ ವೈದ್ಯರ ಚೀಟಿ ತೋರಿಸಿದರೆ ಫ್ಲೋರಿಡಾದ ಔಷಧಿ ಅಂಗಡಿಯವರು ಸಾಮಾನ್ಯವಾಗಿ ಕೊಡುವುದಿಲ್ಲ.

– ಸಂಪಾದಕ