ಅಪ್ಪ-ಅಮ್ಮನ ಜೊತೆ ಒಂದು ದಿನ ಯಾರ್ಕ್‌ಗೆ ಹೋದರೆ ಸಿಟಿ ಪಾಸ್ ತಗೊಳ್ಳೋದು ಲಾಭವೇ?

ಲಂಡನ್ನಿಗೆ ಬಂದಿರುವ ಅಪ್ಪ-ಅಮ್ಮ, ಕೈಯಲ್ಲಿ ಒಂದೇ ಭಾನುವಾರ, ನೋಡಬೇಕಾದ ಆರು ಜಾಗಗಳ ಪಟ್ಟಿ. ನಿಮ್ಮ ಪ್ರಶ್ನೆ ಓದಿ ನಗುವೂ ಬಂತು, ಸಂಕಟವೂ ಆಯಿತು. 2023ರ ಜೂನ್‌ನಲ್ಲಿ ನಾನೂ ಇಂಥದ್ದೇ ಪಟ್ಟಿ ಹಿಡಿದು ಹೋಗಿದ್ದೆ. ಒಮ್ಮೆ ದುಡ್ಡು ಕೊಟ್ಟರೆ ಹಲವು ಜಾಗ ನೋಡಬಹುದಾದ ಆ ಪಾಸ್ ಕೂಡ ತಗೊಂಡಿದ್ದೆ.

ನಮ್ಮ ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದವರು, ಸ್ಟೀಮ್ ಎಂಜಿನ್ ಕಾಲದವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಕಿಂಗ್ಸ್ ಕ್ರಾಸ್‌ನಿಂದ ರೈಲು ಸುಮಾರು ಎರಡು ಗಂಟೆ. ಯಾರ್ಕ್‌ನಲ್ಲಿ ಇಳಿದ ಕೂಡಲೇ ನ್ಯಾಷನಲ್ ರೈಲ್ವೆ ಮ್ಯೂಸಿಯಂ ಕಡೆಗೆ ಬಾಣದ ಗುರುತು ಕಂಡಿತು. ಅಪ್ಪ ಅಲ್ಲೇ ನಿಂತರು. "ಇಲ್ಲೇ ಐತಲ್ಲೋ" ಅಂದರು. ನಾನು, "ಅದು ಪುಕ್ಕಟೆ ಐತಪ್ಪಾ, ಕಡೀಕ ನೋಡೂಣು" ಅಂದೆ.

ತಪ್ಪಾಗಿದ್ದು ಇಲ್ಲೇ. ಪಾಸ್‌ಗೆ ದುಡ್ಡು ಕೊಟ್ಟಿದ್ದೆ, ಹಾಗಾಗಿ ಅದರಲ್ಲಿ ಬರುವ ಜಾಗಗಳು ಮೊದಲು, ಪುಕ್ಕಟೆ ಜಾಗ ಕೊನೆಗೆ. ಕೊಟ್ಟ ಹಣ ವಸೂಲಿ ಆಗಬೇಕಲ್ವಾ? ಇನ್ನೊಂದು, ಭಾನುವಾರ ಬೆಳಿಗ್ಗೆ ಯಾರ್ಕ್ ಮಿನ್‌ಸ್ಟರ್ ಎಂಬ ದೊಡ್ಡ ಚರ್ಚಿನಲ್ಲಿ ಪ್ರಾರ್ಥನೆ ಇರುತ್ತದೆ. ನೋಡಲು ಬಂದವರನ್ನು ಒಳಗೆ ಬಿಡುವುದು ಮಧ್ಯಾಹ್ನದ ಮೇಲೆಯೇ. ಇದನ್ನು ನಾನು ವಿಚಾರಿಸಿಯೇ ಇರಲಿಲ್ಲ. ಅಂದರೆ ಬೆಳಗಿನ ಆ ಸಮಯ ಮ್ಯೂಸಿಯಂಗೆ ಅಂತಲೇ ಖಾಲಿ ಇತ್ತು. ಮ್ಯೂಸಿಯಂ ಇರುವುದು ಸ್ಟೇಷನ್ನಿನ ಬೆನ್ನಿಗೆ, ನಡೆದರೆ ಹತ್ತು ನಿಮಿಷವೂ ಬೇಡ. ನಾನು ಮಾತ್ರ ಅದಕ್ಕೆ ಬೆನ್ನು ಹಾಕಿ ಊರಿನ ಆ ತುದಿಗೆ ಇಬ್ಬರನ್ನೂ ಎಳೆದುಕೊಂಡು ಹೋದೆ. ಸಾಲದ್ದಕ್ಕೆ ವಾಪಸ್ ಟಿಕೆಟ್ ಅಗ್ಗದ್ದು, ಬುಕ್ ಮಾಡಿದ ರೈಲಿಗೆ ಬಿಟ್ಟರೆ ಇನ್ನೊಂದಕ್ಕೆ ನಡೆಯುವುದಿಲ್ಲ.

ಕ್ಲಿಫರ್ಡ್ಸ್ ಟವರ್ ಎಂಬ ಹಳೆಯ ಕೋಟೆಯ ಗೋಪುರ ಒಂದು ದಿಬ್ಬದ ಮೇಲಿದೆ. ಮೆಟ್ಟಿಲು ನೋಡಿದ ಅವ್ವ ಕೆಳಗೇ ಕೂತರು. 1190ರಲ್ಲಿ ಸುಮಾರು 150 ಯೆಹೂದಿಗಳು ಜೀವ ಕಳೆದುಕೊಂಡ ಜಾಗ ಅದು. ನಿಂತು ಓದಬೇಕಾದ ಕಥೆ. ನಾನು ವಾಚ್ ನೋಡುತ್ತಿದ್ದೆ. ಅಲ್ಲಿಂದ ಯಾರ್ವಿಕ್ ವೈಕಿಂಗ್ ಸೆಂಟರ್‌ಗೆ ಓಟ. ವೈಕಿಂಗರು ಅಂದರೆ ಹಿಂದೆ ಕಡಲು ದಾಟಿ ಬಂದು ಇಲ್ಲಿ ನೆಲೆಸಿದ್ದವರು. ಪುಟ್ಟ ಗಾಡಿಯಲ್ಲಿ ಕೂರಿಸಿ ವೈಕಿಂಗ್ ಕಾಲದ ಬೀದಿ ಸುತ್ತಿಸುತ್ತಾರೆ, ವಾಸನೆ ಸಮೇತ. 1976ರಿಂದ 1981ರವರೆಗೆ ಅದೇ ಜಾಗ ಅಗೆದಾಗ ಸಿಕ್ಕ ವಸ್ತುಗಳೂ ಇವೆ. ಒಂದು ಗಾಜಿನ ಪೆಟ್ಟಿಗೆಯಲ್ಲಿ ವೈಕಿಂಗ್ ಒಬ್ಬನ ಕಲ್ಲಾದ ಮಲ ಇಟ್ಟಿದ್ದಾರೆ. ಅವ್ವ ನೋಡಿ, "ಇದಕ್ಕೂ ರೊಕ್ಕಾ ಕೊಟ್ಟಿಯೇನೋ?" ಅಂದರು.

ಮಿನ್‌ಸ್ಟರ್ ಬಗ್ಗೆ ಎರಡು ಮಾತಿಲ್ಲ, ಟಿಕೆಟ್ ತಗೊಂಡು ನೋಡಿ. ಪೂರ್ವದ ಗೋಡೆಯ ದೊಡ್ಡ ಕಿಟಕಿಯನ್ನು 1405ರಿಂದ 1408ರ ನಡುವೆ ಮಾಡಿದವನು ಜಾನ್ ಥಾರ್ನ್‌ಟನ್. ಟೆನಿಸ್ ಕೋರ್ಟಿನಷ್ಟು ಬಣ್ಣದ ಗಾಜು. ಅಪ್ಪ ಕತ್ತೆತ್ತಿ, "ಇಷ್ಟು ಗಾಜಿನ ಭಾರ ಎದರ ಮ್ಯಾಲ ನಿಂತೈತಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರವೂ ಇರಲಿಲ್ಲ, ಟೈಮೂ ಇರಲಿಲ್ಲ.

ಅವ್ವನಿಗೆ ಕಾಲು ನೋವು ಶುರುವಾಯಿತು. ಚಹಾ ಕುಡಿದು, ನಿಧಾನ ನಡೆದು ಮ್ಯೂಸಿಯಂ ತಲುಪಿದಾಗ ನಾಲ್ಕೂವರೆ. ಬಾಗಿಲು ಹಾಕುವುದು ಐದಕ್ಕೆ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ದಾಖಲೆ ಮಾಡಿದ ಸ್ಟೀಮ್ ಎಂಜಿನ್ ಮಲ್ಲಾರ್ಡ್ ಅಲ್ಲೇ ಇದೆ, ಜಪಾನಿನ ಬುಲೆಟ್ ರೈಲೂ ಇದೆ. ಅಪ್ಪ ಎರಡನ್ನೂ ದಾಟಿ ಹೋಗಿ ನಿಂತದ್ದು ಎಲ್ಲರ್‌ಮನ್ ಲೈನ್ಸ್ ಎಂಬ ಎಂಜಿನ್ ಮುಂದೆ. ಅದರ ಒಂದು ಮಗ್ಗುಲನ್ನು ಸೀಳಿ ಇಟ್ಟಿದ್ದಾರೆ. ಬಾಯ್ಲರ್ ಟ್ಯೂಬು, ಫೈರ್‌ಬಾಕ್ಸ್, ಸಿಲಿಂಡರ್ ಎಲ್ಲ ಬಯಲು. ಅಪ್ಪ ಬೆರಳು ತೋರಿಸಿ ಅವ್ವನಿಗೆ, "ಇಲ್ನೋಡ, ನಾವು ಒಳಗ ಹೊಕ್ಕು ಕೆಲಸ ಮಾಡ್ತಿದ್ದದ್ದು ಇಲ್ಲಿ" ಅಂದರು.

"ಇದರಾಗ ಮನಷ್ಯಾ ಹಿಡೀತಾನೇನ್ರಿ?"

ಅಪ್ಪ ಮೊದಲಿಂದ ವಿವರಿಸಲು ಶುರು ಮಾಡಿದರು. ಬೂದಿ ತೆಗೆಯುವಲ್ಲಿಗೆ ಬಂದಿದ್ದರು, ಅಷ್ಟರಲ್ಲಿ ಮುಚ್ಚುವ ಹೊತ್ತಾಯಿತು ಅಂತ ಮೈಕಿನಲ್ಲಿ ಕೂಗಿದರು.

ಹಾಗಾಗಿ ಪಾಸ್ ಲಾಭವೋ ನಷ್ಟವೋ ಅನ್ನುವ ಲೆಕ್ಕವನ್ನೇ ಬಿಡಿ. ತಗೊಳ್ಳಬೇಡಿ. ಅದನ್ನು ತಗೊಂಡರೆ ದಿನವಿಡೀ ಅದು ಹೇಳಿದಂತೆ ನೀವು ಕುಣಿಯುತ್ತೀರಿ. ಆರು ಜಾಗದ ಪಟ್ಟಿ ನಿಮ್ಮದು, ಅವರದಲ್ಲ. ಅವರನ್ನು ಕೇಳಿ ಎರಡು ಉಳಿಸಿಕೊಳ್ಳಿ. ಸಾಧ್ಯವಾದರೆ ಭಾನುವಾರದ ಬದಲು ಶನಿವಾರ ಹೋಗಿ. ಊರಿನ ಕೋಟೆ ಗೋಡೆಯ ಮೇಲೆ ನಡೆಯಬಹುದು, ಆದರೆ ಅದು ಮೂರು ಕಿಲೋಮೀಟರಿಗೂ ಜಾಸ್ತಿ, ಎಷ್ಟೋ ಕಡೆ ಒಳಬದಿಗೆ ಕಂಬಿಯೇ ಇಲ್ಲ. ವಯಸ್ಸಾದವರಿಗೆ ಸ್ಟೇಷನ್ ಎದುರಿನ ತುಂಡು ಸಾಕು, ಮಿನ್‌ಸ್ಟರ್ ಚೆಂದ ಕಾಣುವುದೂ ಅಲ್ಲಿಂದಲೇ. ಅಂದಹಾಗೆ, ಅಲ್ಲಿ ಗೇಟ್ ಅಂದರೆ ಬೀದಿ, ಬಾರ್ ಅಂದರೆ ಕೋಟೆ ಬಾಗಿಲು. "ಮಿಕಲ್‌ಗೇಟ್ ಬಾರ್ ಹತ್ತಿರ ನಿಂತಿರಿ" ಅಂದದ್ದಕ್ಕೆ ಅವ್ವ ನನ್ನನ್ನು ನೋಡಿದ ನೋಟ ಬೇರೆಯೇ ಇತ್ತು. ಸಂಜೆ ಮಿನ್‌ಸ್ಟರ್‌ನ ಈವನ್‌ಸಾಂಗ್‌ಗೆ, ಅಂದರೆ ಹಾಡಿನ ಪ್ರಾರ್ಥನೆಗೆ, ಟಿಕೆಟ್ ಇಲ್ಲ, ಸುಮ್ನೆ ಹೋಗಿ ಕೂತು ಕೇಳಬಹುದು. ಅದಕ್ಕಾದರೂ ವಾಪಸ್ ಟಿಕೆಟ್ ಯಾವ ರೈಲಿಗಾದರೂ ನಡೆಯುವಂಥದ್ದು ತಗೊಳ್ಳಿ, ದುಡ್ಡು ಜಾಸ್ತಿಯಾದರೂ ಸರಿ.

ನಾನು ಫೋನಿನಲ್ಲಿ ಯಾರ್ಕ್ ಹೆಸರು ಎತ್ತಿದರೆ ಅಪ್ಪ ಈಗಲೂ, "ಯಾವುದು, ಆ ಅರ್ಧ ತಾಸಿನ ಊರಾ?" ಅನ್ನುತ್ತಾರೆ.