ಪ್ರಕಾಶ ರಸಿಕ, ಸುನಂದಾ ಬಿನ್ನಾಣಗಿತ್ತಿ!

ಗದಗ-ಬೆಟಗೇರಿಯ ಲೇಖಕರಿಗೆ,

ನಮ್ಮ ದೀಪಾವಳಿ ಸಂಚಿಕೆಗೆ ಕಳಿಸಿದ ನಿಮ್ಮ ಕತೆ ತಲುಪಿದೆ. ಸೀರೆ ಅಂಗಡಿಯ ಗಾದಿ, ಇಳಕಲ್ ಸೀರೆಯ ಟೋಪ ತೆನಿ ಸೆರಗನ್ನು ತನ್ನ ಹೆಗಲ ಮೇಲೆಯೇ ಹೊದ್ದು ತೋರಿಸುವ ಪ್ರಕಾಶ, ಎಲ್ಲ ಚೆನ್ನಾಗಿದೆ. ಕಾಗುಣಿತದ ತಪ್ಪುಗಳೂ ಇಲ್ಲ. ಹೊಗಳಿಕೆ ಇಷ್ಟು ಸಾಕು, ಏಕೆಂದರೆ ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

ಅಲ್ಲಿ ಬರೆದಿದ್ದೀರಿ: 'ಪ್ರಕಾಶ ರಸಿಕ. ಅಂಗಡಿಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಒಂದು ಮಾತು, ಒಂದು ನಗೆ ಮೀಸಲು.' ಕೆಲವೇ ಸಾಲು ಕೆಳಗೆ, ಲೆಕ್ಕ ಬರೆಯುವ ಸುನಂದಾ ಗಿರಾಕಿಯೊಬ್ಬನ ಚೇಷ್ಟೆಗೆ ಮರುಮಾತಾಡುತ್ತಾಳೆ. ಕೂಡಲೇ: 'ಸುನಂದಾ ಚೆಲ್ಲು ಸ್ವಭಾವದವಳು, ಬಿನ್ನಾಣಗಿತ್ತಿ.' ಅವನು ದಿನವಿಡೀ ಮಾಡುವುದನ್ನೇ ಅವಳು ಒಮ್ಮೆ ಮಾಡಿದಳು. ಅವನಿಗೆ ಬಿರುದು, ಅವಳಿಗೆ ಬೈಗುಳ.

'ರಸಿಕ'ನನ್ನೇ ನೋಡಿ. ಧಾರವಾಡದಲ್ಲಿ ರಸಿಕ ಎಂದರೆ ಸಂಗೀತ ಕಛೇರಿಯಲ್ಲಿ ಕೊನೆಯ ಭೈರವಿ ಮುಗಿಯುವವರೆಗೂ ಏಳದವನು. ಆ ಮರ್ಯಾದೆಯನ್ನು ಕಡ ತಂದು ಪ್ರಕಾಶನಿಗೆ ಉಡಿಸಿದ್ದೀರಿ. ಅವನಂಥವರಿಗೆ ನಮ್ಮಲ್ಲಿ ಮಾತಿಲ್ಲವೇ? ಪೋಲಿ ಇದೆ, ಹೆಣ್ಣುಬಾಕ ಇದೆ, ಕಚ್ಚೆಹರುಕ ಇದೆ. ಅವು ನಿಮಗೆ ಒರಟೆನಿಸಿರಬೇಕು. ಸುನಂದಾಳ ವಿಷಯದಲ್ಲಿ ಮಾತ್ರ ಆ ಸಂಕೋಚ ಅಡ್ಡ ಬರಲಿಲ್ಲ.

ಇನ್ನು 'ಬಿನ್ನಾಣ'. ಇದು ಸಂಸ್ಕೃತದ 'ವಿಜ್ಞಾನ'ದ ತದ್ಭವ. ಹಳಗನ್ನಡದಲ್ಲಿ ಬಿನ್ನಣವೆಂದರೆ ಕೌಶಲ. ಹೆಣ್ಣಿನ ಬೆನ್ನಿಗೆ ಬಿದ್ದ ಮೇಲೆ ಆ ಪದದ ಮಾನ ಹೋಯಿತು. ವ್ಯಾಕರಣ 'ಬಿನ್ನಾಣಗಾರ'ನನ್ನೂ ಒಪ್ಪುತ್ತದೆ, ಆದರೆ ಪೇಟೆಯಲ್ಲಿ ಯಾರ ಬಾಯಲ್ಲೂ ನಾನು ಅವನನ್ನು ಕೇಳಿಲ್ಲ. ಕಾವ್ಯದ ಲಕ್ಷಣ ಹೇಳುವ ಹಳೆಯ ಅಲಂಕಾರಶಾಸ್ತ್ರವೂ ಇದೇ ದಾರಿ ಹಿಡಿದಿತ್ತು. ನಾಯಕನನ್ನು ಅನುಕೂಲ (ಒಬ್ಬಳಿಗೇ ನಿಷ್ಠ), ದಕ್ಷಿಣ, ಶಠ (ಒಳಗೊಳಗೇ ವಂಚಿಸುವವನು), ಧೃಷ್ಟ (ನಾಚಿಕೆಗೆಟ್ಟವನು) ಎಂದು ಅವನ ನಡವಳಿಕೆ ನೋಡಿ ವಿಂಗಡಿಸಿತು. ನಾಯಿಕೆಯನ್ನು ಮೊದಲಿಗೆ ಕೇಳಿದ್ದು ನೀನು ಯಾರವಳು ಎಂದು: ಸ್ವೀಯಾ (ತನ್ನವಳು), ಪರಕೀಯಾ (ಪರರವಳು), ಸಾಮಾನ್ಯಾ (ಎಲ್ಲರವಳು). ಹಲವರನ್ನು ಒಟ್ಟಿಗೆ ಓಲೈಸುವವನು ಅಲ್ಲಿ 'ದಕ್ಷಿಣ', ಅಂದರೆ ದಾಕ್ಷಿಣ್ಯವಂತ! ನಿಮ್ಮ ಪ್ರಕಾಶ ಕೇಳಿದರೆ ಹಿಗ್ಗುತ್ತಾನೆ.

ಬೈಗುಳವೇ ಬೇಡ ಎನ್ನುತ್ತಿಲ್ಲ. ಮಾಲೀಕನ ಹೆಂಡತಿ ಅಂದಿದ್ದರೆ, ಎದುರಿಗೆ ಖಣ ಮಾರುವವನು ಅಂದಿದ್ದರೆ ಒಪ್ಪುತ್ತಿದ್ದೆ. ಊರು ಹಾಗೆಯೇ ಆಡುತ್ತದೆ. ಇಲ್ಲಿ ಅಂದವರು ನೀವು, ಅದೂ ಸಾಕ್ಷಿಯಿಲ್ಲದೆ.

ನಾನು ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಕರಡು ತಿದ್ದುವುದನ್ನು ಕಲಿಯುತ್ತಿದ್ದಾಗ ಹಾವೇರಿ, ರಾಣೆಬೆನ್ನೂರಿನ ಸುದ್ದಿಗಳು ಬಸ್ ಕಂಡಕ್ಟರ್ ಕೈಯಲ್ಲಿ ಲಕೋಟೆಯಾಗಿ ಬರುತ್ತಿದ್ದವು. ಓಡಿಹೋದ ಜೋಡಿಯ ಸುದ್ದಿಯಲ್ಲಿ ಗಂಡು 'ಯುವಕ', ಹೆಣ್ಣು 'ನಡತೆಗೆಟ್ಟವಳು'. ನಮ್ಮ ಹಿರಿಯ ಉಪಸಂಪಾದಕರು ಆ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅಂಚಿನಲ್ಲಿ 'ಕಂಡವರಾರು?' ಎಂದು ಬರೆದು ನನ್ನ ಮೇಜಿಗೆ ತಳ್ಳುತ್ತಿದ್ದರು. ಟ್ರಂಕ್ ಕಾಲ್ ಮಾಡಿ ವರದಿಗಾರರನ್ನು ಕೇಳುವುದು ನನ್ನ ಪಾಲಿನ ಕೆಲಸ. 'ಎಲ್ಲರೂ ಹೇಳುತ್ತಾರಲ್ಲ' ಎಂಬ ಉತ್ತರ ಬರುತ್ತಿತ್ತು. ಪದ ಹೋಗುತ್ತಿತ್ತು, ಅದರ ಜಾಗಕ್ಕೆ ಅವಳ ವಯಸ್ಸು, ಉದ್ಯೋಗ ಬರುತ್ತಿದ್ದವು. ಸುದ್ದಿ ಉದ್ದವಾಯಿತೆಂದು ಅಚ್ಚಿನ ಮೊಳೆ ಜೋಡಿಸುವವರು ಗೊಣಗುತ್ತಿದ್ದರು. ನನಗೂ ಆಗ ಅದೊಂದು ಕಿರಿಕಿರಿಯೇ ಆಗಿತ್ತು.

ಈಗ ಹೇಳಿ, ಸುನಂದಾ ಆ ಗಿರಾಕಿಗೆ ಏನೆಂದಳು? ಪ್ರಕಾಶನ ಚಟಾಕಿಗಳನ್ನು ಒಂದೂ ಬಿಡದೆ ಕೊಟ್ಟಿದ್ದೀರಿ. ಅವಳ ಸರದಿ ಬಂದಾಗ 'ಏನೋ ಹೇಳಿ ನಕ್ಕಳು' ಎಂದು ತೇಲಿಸಿದ್ದೀರಿ. ಅವಳ ಮಾತು ಅವನದಕ್ಕಿಂತ ಚುರುಕಾಗಿತ್ತೆಂಬ ಗುಮಾನಿ ನನ್ನದು. ಅದನ್ನು ಬರೆಯಿರಿ, 'ಚೆಲ್ಲು' ಮತ್ತು 'ಬಿನ್ನಾಣಗಿತ್ತಿ' ಎರಡನ್ನೂ ಹೊಡೆದುಹಾಕಿ, 'ರಸಿಕ'ನನ್ನೂ. ಕೊನೆಯಲ್ಲಿ ಅವಸರದಿಂದ ಮಾಡಿಸಿದ ಮದುವೆಯ ಬಗ್ಗೆ ಆಮೇಲೆ ಜಗಳವಾಡೋಣ. ದೀಪಾವಳಿ ಸಂಚಿಕೆಯಲ್ಲಿ ಇನ್ನೂ ಜಾಗವಿದೆ.