ಸ್ಲಿಪ್‌ನಲ್ಲಿ ಇದೆ, ಪಾಸ್‌ಬುಕ್‌ನಲ್ಲಿ ಇಲ್ಲ

ಓದುಗರ ಪ್ರಶ್ನೆ: ಪಿಎಫ್ ಮತ್ತು ಪಿಂಚಣಿ

ಪ್ರಶ್ನೆ: ನಾನು ಒಂದು ಗಾರ್ಮೆಂಟ್ಸ್‌ನಲ್ಲಿ ಐದು ವರ್ಷದಿಂದ ಲೈನ್ ಸೂಪರ್‌ವೈಸರ್. ಬೇಸಿಕ್, ಡಿಎ ಸೇರಿ 14,000 ರೂಪಾಯಿ. ಅದರಲ್ಲಿ ತಿಂಗಳಿಗೆ 1,680 ಪಿಎಫ್ ಅಂತ ಹಿಡಿಯುತ್ತಾರೆ. ಅಮ್ಮನ ಆಸ್ಪತ್ರೆ ಖರ್ಚಿಗೆ ಅಡ್ವಾನ್ಸ್ ತೆಗೆಯೋಣ ಅಂತ ಮೊನ್ನೆ ಪಿಎಫ್ ಪಾಸ್‌ಬುಕ್ ನೋಡಿದೆ. ಏಳು ತಿಂಗಳಿಂದ ಒಂದು ಪೈಸೆಯೂ ಬಿದ್ದಿಲ್ಲ. ಎಚ್‌ಆರ್ ಮೇಡಂ "ಸರ್ವರ್ ಪ್ರಾಬ್ಲಂ, ಬರುತ್ತೆ" ಅಂತಾರೆ. ನಮ್ಮ ಮನೆಯವರು "ಸುಮ್ನಿರು, ಇರೋ ಕೆಲಸಾನೂ ಹೋಗುತ್ತೆ" ಅಂತಾರೆ. ಏನು ಮಾಡಲಿ?
– ಹೆಸರು ಬೇಡ ಎಂದವರು, ದೊಡ್ಡಬಳ್ಳಾಪುರ

ಉತ್ತರ: ನೋಡಿ ತಾಯಿ, ಸರ್ವರ್ ಒಂದು ವಾರ ಕೆಡಬಹುದು. ಏಳು ತಿಂಗಳು ಕೆಡುವುದಿಲ್ಲ.

ಇದನ್ನು ಇಷ್ಟು ಖಡಕ್ಕಾಗಿ ಹೇಳುವುದಕ್ಕೆ ಕಾರಣ ಇದೆ. ನಾನೂ ಒಂದು ಕಾರ್ಖಾನೆಯ ಅಕೌಂಟ್ಸ್‌ನಲ್ಲಿ ಕೂತು ವರ್ಷಗಟ್ಟಲೆ ಪಿಎಫ್ ಚಲನ್ ಕಟ್ಟಿದವನು. ಒಂದು ಸಲ ದುಡ್ಡಿನ ಅಡಚಣೆ ಬಂತು. ಮಾಲೀಕರು "ಈ ತಿಂಗಳು ಬಿಡಿ, ಮುಂದಿನ ತಿಂಗಳು ಸೇರಿಸಿ ಕಟ್ಟೋಣ" ಅಂದರು. ಆ ಮುಂದಿನ ತಿಂಗಳು ಬರಲೇ ಇಲ್ಲ. ಕರೆಂಟ್ ಬಿಲ್ ಕಟ್ಟದಿದ್ದರೆ ಫ್ಯೂಸ್ ಕೀಳುತ್ತಾರೆ. ಬ್ಯಾಂಕಿನ ಕಂತು ತಪ್ಪಿದರೆ ಫೋನ್ ಬರುತ್ತದೆ. ಪಿಎಫ್ ಕಟ್ಟದಿದ್ದರೆ ಮೊದಲ ಕೆಲವು ತಿಂಗಳು ಯಾರೂ ಕೂಗುವುದಿಲ್ಲ. ಅದಕ್ಕೇ ಮೊದಲು ನಿಲ್ಲುವುದು ಅದು. ಕೊನೆಗೆ ಕೆಲಸ ಬಿಟ್ಟು ಹೋದ ಒಬ್ಬ ಹೆಲ್ಪರ್ ಪಾಸ್‌ಬುಕ್ ಹಿಡಿದುಕೊಂಡು ನನ್ನ ಟೇಬಲ್ ಮುಂದೆ ನಿಂತ. ಪ್ರತಿ ತಿಂಗಳು ಅವನ ಸ್ಲಿಪ್ ಪ್ರಿಂಟ್ ಹಾಕಿದವನು ನಾನೇ. ಕಣ್ಣು ಎತ್ತಿ ನೋಡಲು ಆಗಲಿಲ್ಲ.

ಇರಲಿ, ನಿಮ್ಮ ವಿಷಯಕ್ಕೆ ಬರೋಣ. ನಿಮ್ಮಿಂದ ಹಿಡಿದ 1,680ಕ್ಕೆ ಕಂಪನಿ ತನ್ನ ಕೈಯಿಂದ ಅಷ್ಟೇ ಸೇರಿಸಬೇಕು. ಕಂಪನಿಯ ಪಾಲಿನಲ್ಲಿ ಶೇ. 8.33, ಅಂದರೆ 1,166 ರೂಪಾಯಿ ಪಿಂಚಣಿಗೆ ಹೋಗುತ್ತದೆ. ಉಳಿದ 514 ನಿಮ್ಮ ಪಿಎಫ್ ಖಾತೆಗೆ. ಒಂದು ತಿಂಗಳ ಸಂಬಳದ ಮೇಲಿನ ದುಡ್ಡನ್ನು ಮರು ತಿಂಗಳು 15ರೊಳಗೆ ಕಟ್ಟಬೇಕು. ಹಾಗಾಗಿ ಕಳೆದ ತಿಂಗಳದ್ದು ಇನ್ನೂ ಕಾಣುತ್ತಿಲ್ಲ ಅಂದರೆ ಗಾಬರಿ ಬೇಡ. ಏಳು ತಿಂಗಳು ಅಂದರೆ ಎರಡೂ ಪಾಲು ಸೇರಿ 23,520 ರೂಪಾಯಿ. ಅದಕ್ಕೆ ಗಾಬರಿ ಬೀಳಲೇಬೇಕು.

ಮೊದಲು ಒಂದು ತಿಳಿದುಕೊಳ್ಳಿ: ಬಿದ್ದಿಲ್ಲದಿರುವುದು ನಿಮ್ಮೊಬ್ಬರದ್ದಾ, ಎಲ್ಲರದ್ದಾ? ಯುಎಎನ್‌ಗೆ, ಅಂದರೆ ನಿಮ್ಮ ಖಾಯಂ ಪಿಎಫ್ ಸಂಖ್ಯೆಗೆ, ಆಧಾರ್ ಜೋಡಣೆ ಆಗದಿದ್ದರೆ ಒಬ್ಬರದ್ದು ಮಾತ್ರ ನಿಲ್ಲಬಹುದು. ಆಗ ಮಾಲೀಕರನ್ನು ಬೈಯುವ ಮೊದಲು ಕೆವೈಸಿ ಸರಿ ಮಾಡಿಸಿ. ಪಕ್ಕದ ಲೈನ್‌ನ ಇಬ್ಬರು ಮೂವರ ಪಾಸ್‌ಬುಕ್ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಇನ್ನರ್ಧಕ್ಕೆ ಯಾರನ್ನೂ ಕೇಳಬೇಕಿಲ್ಲ. ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒ. ಅದರ ವೆಬ್‌ಸೈಟ್‌ನಲ್ಲಿ ಕಂಪನಿಯ ಹೆಸರು ಹಾಕಿ ಹುಡುಕುವ ಪುಟ ಇದೆ, 'ಎಸ್ಟಾಬ್ಲಿಷ್‌ಮೆಂಟ್ ಸರ್ಚ್' ಅಂತ. ನಿಮ್ಮ ಕಂಪನಿ ಯಾವ ತಿಂಗಳಿಗೆ ಎಷ್ಟು ಕಟ್ಟಿದೆ, ಎಷ್ಟು ಜನರ ಲೆಕ್ಕದಲ್ಲಿ ಕಟ್ಟಿದೆ ಅನ್ನುವುದು ಅಲ್ಲಿ ಕಾಣುತ್ತದೆ. ಪಾಸ್‌ವರ್ಡ್ ಬೇಡ, ಎಚ್‌ಆರ್ ಅನುಮತಿಯೂ ಬೇಡ. ಎಚ್‌ಆರ್‌ನವರಿಗೆ ಈ ಪುಟ ಕಂಡರೆ ಅಷ್ಟಕ್ಕಷ್ಟೇ.

ಅಲ್ಲೂ ಏಳು ತಿಂಗಳು ಖಾಲಿ ಇದ್ದರೆ ಕಾಗದ ಕೂಡಿಡಿ. ಏಳೂ ತಿಂಗಳ ಸಂಬಳದ ಸ್ಲಿಪ್ ಬೇಕು. ಅದರಲ್ಲಿ 1,680 ಹಿಡಿದದ್ದು ಬರೆದಿರುತ್ತದಲ್ಲ, ಅದೇ ನಿಮ್ಮ ಮುಖ್ಯ ಸಾಕ್ಷಿ. ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸಕ್ಕೆ ಸೇರಿದ ಪತ್ರ, ಐಡಿ ಕಾರ್ಡಿನ ನಕಲು. ಸ್ಲಿಪ್ ಮೊಬೈಲ್‌ನಲ್ಲಿ ಮಾತ್ರ ಬರುತ್ತಿದ್ದರೆ ಇವತ್ತೇ ಪ್ರಿಂಟ್ ತೆಗೆಯಿರಿ. ಕೆಲಸ ಬಿಟ್ಟ ದಿನ ಆ ಲಾಗಿನ್ ಬಂದ್ ಆಗುತ್ತದೆ. ಇದರಲ್ಲಿ ಮೋಸ ಹೋದವರು ಜಾಸ್ತಿ.

ಆಮೇಲೆ ಕಂಪನಿಗೆ ಒಂದು ಪತ್ರ. ಬಾಯಿ ಮಾತು ಬೇಡ, ಬರವಣಿಗೆಯಲ್ಲೇ ಇರಲಿ. ಜಗಳದ ಭಾಷೆಯೂ ಬೇಡ. 'ಈ ಈ ತಿಂಗಳ ವಂತಿಗೆ ಪಾಸ್‌ಬುಕ್‌ನಲ್ಲಿ ಕಾಣುತ್ತಿಲ್ಲ, ಕಟ್ಟಿದ ಚಲನ್ ವಿವರ ಕೊಡಿ' ಅಂತ ಎರಡು ಸಾಲು ಸಾಕು. ಹತ್ತು ಹದಿನೈದು ದಿನ ಕಾಯಿರಿ. ಉತ್ತರ ಬರದಿದ್ದರೆ ಇಪಿಎಫ್‌ಒದ ದೂರು ಪೋರ್ಟಲ್ ಇದೆ, ಇಪಿಎಫ್‌ಐಜಿಎಂಎಸ್ ಅಂತ. ಯುಎಎನ್ ಹಾಕಿ ದೂರು ಕೊಟ್ಟು, ಸ್ಲಿಪ್‌ಗಳನ್ನು ಲಗತ್ತಿಸಿ, ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಂಪ್ಯೂಟರ್ ಆಗಿಬರದಿದ್ದರೆ ನಿಮ್ಮ ಪ್ರಾದೇಶಿಕ ಪಿಎಫ್ ಕಮಿಷನರ್‌ಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ. ಪ್ರತಿ ತಿಂಗಳು 27ಕ್ಕೆ ಜಿಲ್ಲೆಗಳಲ್ಲಿ 'ನಿಧಿ ಆಪ್ಕೆ ನಿಕಟ್' ಅನ್ನುವ ಶಿಬಿರವೂ ನಡೆಯುತ್ತದೆ. ಅಲ್ಲಿ ಅಧಿಕಾರಿಯ ಎದುರೇ ಕೂತು ಹೇಳಬಹುದು. ನನಗೆ ಕೇಳಿದರೆ ಅದೇ ಒಳ್ಳೆಯದು.

ಕೆಲಸದ ಭಯ ಸುಳ್ಳಲ್ಲ, ಅದನ್ನು ಹಗುರ ಮಾಡಿ ಮಾತಾಡುವುದಿಲ್ಲ. ಆದರೆ ಎಲ್ಲರದ್ದೂ ನಿಂತಿದ್ದರೆ ನೀವೊಬ್ಬರೇ ಯಾಕೆ ಮುಂದೆ ನಿಲ್ಲಬೇಕು? ಮೂವತ್ತು ನಲವತ್ತು ಸಹಿ ಇರುವ ಒಂದೇ ಅರ್ಜಿ ಮಾಡಿ. ಸಹಿಗಳನ್ನು ಸಾಲಾಗಿ ಹಾಕದೆ ದುಂಡಗೆ ಹಾಕಿಸಿ. ಮೊದಲು ಹಾಕಿದವರು ಯಾರು ಅಂತ ಗೊತ್ತಾಗುವುದಿಲ್ಲ! ಯೂನಿಯನ್ ಇದ್ದರೆ ಅವರ ಲೆಟರ್‌ಹೆಡ್‌ನಲ್ಲಿ ಹೋಗಲಿ. ಕೆಲಸ ಬಿಟ್ಟವರೂ ದೂರು ಕೊಡಬಹುದು, ಅವರಿಗೆ ಕಳೆದುಕೊಳ್ಳುವುದು ಏನೂ ಇಲ್ಲ.

ದೂರು ಗಟ್ಟಿಯಾಗಿದ್ದರೆ ಪಿಎಫ್ ಕಚೇರಿ ಕಂಪನಿಯ ಲೆಕ್ಕದ ಪುಸ್ತಕ ತರಿಸಿ ಬಾಕಿ ನಿಗದಿ ಮಾಡುತ್ತದೆ. ಹಳಬರು ಇದನ್ನು 'ಸೆವೆನ್ ಎ ವಿಚಾರಣೆ' ಅನ್ನುತ್ತಾರೆ. ತಡವಾದದ್ದಕ್ಕೆ ಕಂಪನಿಯ ಮೇಲೆ ವರ್ಷಕ್ಕೆ ಶೇ. 12 ಬಡ್ಡಿ, ಅದರ ಮೇಲೆ ದಂಡ. ಕೊಡದಿದ್ದರೆ ಬ್ಯಾಂಕ್ ಖಾತೆ, ಆಸ್ತಿ ಜಪ್ತಿ ಮಾಡುವ ಅಧಿಕಾರವೂ ಕಚೇರಿಗಿದೆ. ನಿಮ್ಮ ಸಂಬಳದಿಂದ ಹಿಡಿದು ಕಟ್ಟದಿರುವುದು ಬರೀ ಬಾಕಿ ಅಲ್ಲ. ಕಾನೂನಿನ ಕಣ್ಣಲ್ಲಿ ಅದು ನಂಬಿಕೆ ದ್ರೋಹದ ಅಪರಾಧ, ಜೈಲಿಗೂ ದಾರಿ. "ಬಾಕಿ ಕಟ್ಟಬೇಕಾಗಿದೆ" ಅಂತ ಅದನ್ನು ನಿಮ್ಮ ಮುಂದಿನ ಸಂಬಳದಿಂದ ಇನ್ನೊಮ್ಮೆ ಹಿಡಿಯುವ ಹಾಗೂ ಇಲ್ಲ. ಹಾಗೆ ಹಿಡಿದರೆ ಅದನ್ನೂ ದೂರಿಗೆ ಸೇರಿಸಿ.

ಏಳು ತಿಂಗಳು ಬಿಟ್ಟರೆ ಏನಂತೆ ಅನ್ನುವ ನಿಮ್ಮ ಮನೆಯವರಿಗೆ ಈ ಲೆಕ್ಕ ತೋರಿಸಿ. ಪಿಂಚಣಿ ಅಂದರೆ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 14,000ಕ್ಕೆ 15 ವರ್ಷವಾದರೆ ತಿಂಗಳಿಗೆ 3,000 ರೂಪಾಯಿ. ಒಂದು ವರ್ಷದ ಸೇವೆ ಲೆಕ್ಕದಿಂದ ಬಿದ್ದು ಹೋದರೆ ಬದುಕಿರುವವರೆಗೂ ತಿಂಗಳಿಗೆ 200 ಕಡಿಮೆ. ಹತ್ತು ವರ್ಷ ತುಂಬದಿದ್ದರೆ ತಿಂಗಳ ಪಿಂಚಣಿಯೇ ಇಲ್ಲ.

ಅಮ್ಮನ ಚಿಕಿತ್ಸೆಗೆ ದೂರು ಮುಗಿಯುವವರೆಗೆ ಕಾಯಬೇಡಿ. ಹಿಂದೆ ಬಿದ್ದಿರುವ ದುಡ್ಡಿನ ಮೇಲೆ ಅಡ್ವಾನ್ಸ್‌ಗೆ ಈಗಲೇ ಅರ್ಜಿ ಹಾಕಬಹುದು.

ಪ್ರಶ್ನೆ: ಕೆಲಸ ಬದಲಿಸಿ ಹಳೆ ಪಿಎಫ್ ಹೊಸ ಖಾತೆಗೆ ವರ್ಗಾಯಿಸಿದೆ. ಪಿಎಫ್ ಬಂದಿದೆ. ಪಿಂಚಣಿ ಕಾಲಂನಲ್ಲಿ ಸೊನ್ನೆ! ಐದು ವರ್ಷದ 75,000 ರೂಪಾಯಿ ಎಲ್ಲಿ ಹೋಯ್ತು?
– ಓದುಗರು, ಹುಬ್ಬಳ್ಳಿ

ಉತ್ತರ: ಎಲ್ಲೂ ಹೋಗಿಲ್ಲ. ಪಿಂಚಣಿ ದುಡ್ಡು ನಿಮ್ಮ ಹೆಸರಿನ ಡಬ್ಬಿಯಲ್ಲಿ ಇರುವುದಿಲ್ಲ, ಎಲ್ಲರದ್ದೂ ಒಂದೇ ನಿಧಿಯಲ್ಲಿರುತ್ತದೆ. ವರ್ಗಾವಣೆ ಆಗುವುದು ನಿಮ್ಮ ಸೇವೆಯ ಅವಧಿ, ರೂಪಾಯಿ ಅಲ್ಲ. ಇಪಿಎಫ್‌ಒದ ಸದಸ್ಯರ ಪೋರ್ಟಲ್‌ನಲ್ಲಿ 'ಸರ್ವಿಸ್ ಹಿಸ್ಟರಿ' ತೆರೆದು ಹಳೆ ಕಂಪನಿಯ ಸೇರಿದ ದಿನ, ಬಿಟ್ಟ ದಿನ ಸರಿ ಇದೆಯಾ ನೋಡಿ. ಅದು ಸರಿ ಇದ್ದರೆ ನಿದ್ದೆ ಮಾಡಿ. ಈ ಸೊನ್ನೆಯ ಬಗ್ಗೆ ನನಗೆ ಬರುವಷ್ಟು ಪತ್ರ ಇನ್ಯಾವುದಕ್ಕೂ ಬರುವುದಿಲ್ಲ.

ಪ್ರಶ್ನೆ: 2017ರಲ್ಲಿ ಮೊದಲ ಕೆಲಸ, ಬೇಸಿಕ್ 32,000. ಪಿಂಚಣಿಗೆ ಏನೂ ಹೋಗುತ್ತಿಲ್ಲ. ಕಂಪನಿ ಮೋಸ ಮಾಡುತ್ತಿದೆಯಾ?
– ಓದುಗರು, ಮೈಸೂರು

ಉತ್ತರ: ಇಲ್ಲ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿ, ಆಗಲೇ 15,000ಕ್ಕಿಂತ ಜಾಸ್ತಿ ಬೇಸಿಕ್ ಇದ್ದವರು ಪಿಂಚಣಿ ಯೋಜನೆಗೆ ಬರುವುದಿಲ್ಲ. ಕಂಪನಿಯ ಪಾಲು ಪೂರ್ತಿ ನಿಮ್ಮ ಪಿಎಫ್‌ಗೇ ಬೀಳಬೇಕು. ನೀವು ನೋಡಬೇಕಾದದ್ದು ಆ ಕಾಲಂ. ಪೂರ್ತಿ ಬೇಸಿಕ್ ಮೇಲೆ ಕಟ್ಟುವ ಕಂಪನಿಯಾದರೆ 3,840, 15,000ಕ್ಕೆ ಮಿತಿ ಹಾಕಿದ್ದರೆ 1,800. ಎರಡೂ ಸರಿಯೇ. ಅಲ್ಲಿ ಪಿಂಚಣಿ ಪಾಲು ಕಳೆದು ಉಳಿಯುವ 550 ಮಾತ್ರ ಇದ್ದು ಪಿಂಚಣಿ ಕಡೆ ಸೊನ್ನೆ ಇದ್ದರೆ ಮಾತ್ರ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ಹಳೆ ಕಂಪನಿ ಬಾಗಿಲು ಮುಚ್ಚಿದೆ. ನನ್ನ ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕಿಲ್ಲ. ಯಾರನ್ನು ಹಿಡಿಯಲಿ?
– ಓದುಗರು, ತುಮಕೂರು

ಉತ್ತರ: ಯಾರನ್ನೂ ಬೇಡ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳು ದಾಟಿದ್ದರೆ ಸದಸ್ಯರ ಪೋರ್ಟಲ್‌ನ 'ಮಾರ್ಕ್ ಎಕ್ಸಿಟ್'ನಲ್ಲಿ ನೀವೇ ಹಾಕಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಒಟಿಪಿ ಅದಕ್ಕೇ ಬರುತ್ತದೆ. ದಿನಾಂಕ ಮಾತ್ರ ಎರಡು ಸಲ ನೋಡಿ ಒತ್ತಿ. ಒಮ್ಮೆ ಹಾಕಿದ್ದನ್ನು ತಿದ್ದಿಸುವುದು ದೊಡ್ಡ ತಲೆನೋವು.